ದ್ವಿತೀಯೆಗೆ ಬಿದ್ದ ಮುದ್ದುರಂಗಪ್ಪ

ನಮ್ಮ ಊರಿನಲ್ಲಿ ಕೂಸಿಗೆ ಹೆಸರಿಡುವ ದಿನವೇ ವಿಭಕ್ತಿಯನ್ನೂ ಇಡುತ್ತಾರೆ. ಹೆಸರನ್ನು ಸೋದರತ್ತೆ ಕಿವಿಯಲ್ಲಿ ಉಸುರಿದರೆ, ವಿಭಕ್ತಿಯನ್ನು ಕಟ್ಟೆಯ ಹಿರಿಯರು ಊರಿಗೆಲ್ಲ ಕೇಳುವಂತೆ ಹೇಳುತ್ತಾರೆ. ಹೆಸರು ಹಿಡಿಸದಿದ್ದರೆ ದೊಡ್ಡವರಾದ ಮೇಲೆ ಬದಲಿಸಿಕೊಳ್ಳಬಹುದು. ವಿಭಕ್ತಿ ಹಾಗಲ್ಲ, ಕಟ್ಟೆಯವರೇ ಬದಲಿಸದ ಹೊರತು ಸುಟ್ಟರೂ ಹೋಗದ ಹುಟ್ಟುಗುಣ. ಪ್ರಥಮೆಯವರು ಮಾಡುವವರು. ತೃತೀಯೆಯವರು ಯಾರಿಂದ ಕೆಲಸ ಆಗಬೇಕೋ ಅವರು. ಚತುರ್ಥಿಯವರಿಗೆ ಕೊಡಬೇಕು, ಅವರು ಬೆಳಗ್ಗೆ ಮುಖ ತೊಳೆದ ಕೂಡಲೇ ಜಗಲಿಯ ಮೇಲೆ ಕೈಚಾಚಿಕೊಂಡು ಕೂರುತ್ತಾರೆ. ಪಂಚಮಿಯವರ ದೆಸೆಯಿಂದ ಎಲ್ಲ ಕೆಡುತ್ತದೆ. ಮನೆಗೊಬ್ಬ ಪಂಚಮಿಯವನಾದರೂ ಇರದಿದ್ದರೆ ಹಾಲು ಉಕ್ಕಿದ್ದಕ್ಕೆ ಯಾರನ್ನು ಬೈಯುವುದು? ಷಷ್ಠಿಯವರು ತಾವಾಗಿ ಏನೂ ಮಾಡುವುದಿಲ್ಲ, ಎಲ್ಲವೂ ಅವರದು ಅಷ್ಟೆ: ಅವರ ಗದ್ದೆ, ಅವರ ಎತ್ತು, ಅವರ ಮಾತು. ಸಂಬೋಧನೆಯವರನ್ನು ದಿನವಿಡೀ ಕೂಗುತ್ತಾರೆ, ಬಂದು ನಿಂತರೆ ಏನು ಹೇಳಬೇಕೆಂದು ಯಾರಿಗೂ ತಿಳಿಯುವುದಿಲ್ಲ. ನಾನು ಸಪ್ತಮಿಯವನು. ನನ್ನ ಜಗಲಿಯಲ್ಲಿ, ನನ್ನ ಹಿತ್ತಲಲ್ಲಿ, ನನ್ನ ಎದುರಿನಲ್ಲಿ ಊರಿನ ವ್ಯವಹಾರವೆಲ್ಲ ನಡೆಯುತ್ತದೆ. ಹಾಗಾಗಿ ಈ ಕಥೆ ನನಗೆ ಗೊತ್ತಿರುವಷ್ಟು ಇನ್ನೊಬ್ಬರಿಗೆ ಗೊತ್ತಿಲ್ಲ.

ದ್ವಿತೀಯೆಯಲ್ಲಿ ಮನುಷ್ಯರು ಕಡಿಮೆ. ಬಿಂದಿಗೆ, ಒನಕೆ, ದನಕರು, ಹುಲ್ಲಿನ ಹೊರೆ ಇವೇ ಹೆಚ್ಚು. ಜೊತೆಗೆ ತೊಟ್ಟಿಲ ಕೂಸು, ಹಾಸಿಗೆ ಹಿಡಿದವರು, ಗಂಡಿನ ಕಡೆಯವರು ನೋಡಲು ಬಂದ ದಿನದ ಮಟ್ಟಿಗೆ ಹುಡುಗಿಯರು, ಮತ್ತು ಸತ್ತವರು. ಒಟ್ಟಿನಲ್ಲಿ ಎತ್ತಬೇಕಾದ, ಇಳಿಸಬೇಕಾದ, ನೋಡಬೇಕಾದ ವಸ್ತುಗಳು.

ಹೊತ್ತು ಮುಳುಗುವ ವೇಳೆಗೆ ವಾಕ್ಯಗಾರ ತಿಮ್ಮಣ್ಣ ಕಟ್ಟೆ ಹತ್ತಿ ಆ ದಿನದ ವಾಕ್ಯಗಳನ್ನು ಹೇಳುತ್ತಾನೆ. ಅವನು ಹೇಳಿದ್ದು ಆಯಿತು, ಹೇಳದ್ದು ಆಗಲಿಲ್ಲ. ಒಂದು ಸಲ ಅವನಿಗೆ ನೆಗಡಿಯಾಗಿ ಗಂಟಲು ಕಟ್ಟಿದಾಗ ಊರಿನಲ್ಲಿ ಏನೂ ಆಗಲಿಲ್ಲ. ಆಗ ಹುಟ್ಟಿದ ಎಮ್ಮೆಗರುವೊಂದಕ್ಕೆ ಇವತ್ತಿಗೂ ವಯಸ್ಸಿಲ್ಲ. ಹಾಲು ಮಾತ್ರ ಚೆನ್ನಾಗಿ ಕೊಡುತ್ತದೆ.

ನನ್ನ ಎದುರುಮನೆಯ ಮುದ್ದುರಂಗಪ್ಪನವರು ಪ್ರಥಮೆಯವರು. ಅಂತಿಂಥ ಪ್ರಥಮೆಯಲ್ಲ. ತಿಮ್ಮಣ್ಣ ಹೇಳುವ ವಾಕ್ಯಗಳಲ್ಲಿ ಅರ್ಧಕ್ಕರ್ಧ ಅವರ ಹೆಸರಿನಿಂದಲೇ ಶುರುವಾಗುತ್ತಿದ್ದವು. ಮುದ್ದುರಂಗಪ್ಪನವರು ಬಾವಿ ತೋಡಿಸಿದರು. ಮುದ್ದುರಂಗಪ್ಪನವರು ಶಾಲೆಗೆ ಹೆಂಚು ಹೊದಿಸಿದರು. ಮುದ್ದುರಂಗಪ್ಪನವರು ಗಿರಿಯಮ್ಮನಿಂದ ಐವತ್ತು ಮಂದಿಗೆ ಅಡಿಗೆ ಮಾಡಿಸಿದರು. ಗಿರಿಯಮ್ಮ ಅವರ ಹೆಂಡತಿ, ತೃತೀಯೆಯವರು. ಆ ಮನೆಯಲ್ಲಿ ಆದದ್ದೆಲ್ಲ ಆಕೆಯಿಂದಲೇ ಆಗುತ್ತಿತ್ತು, ಮಾಡಿದವರು ಮಾತ್ರ ಯಜಮಾನರು. ಅವರ ಪಂಚೆಯ ಮೇಲೆ ಒಂದು ಹನಿ ಕೆಸರನ್ನು ನಾನು ಕಂಡವನಲ್ಲ. ಊಟವಾದ ಮೇಲೆ ಬೆರಳೊಂದನ್ನು ಎತ್ತಿದರೆ ಸಾಕು, ಗಿರಿಯಮ್ಮ ಚೊಂಬು ಹಿಡಿದು ಬಂದು ಕೈಗೆ ನೀರು ಹಾಕಬೇಕು.

ಇಷ್ಟಿದ್ದರೂ ಅವರಿಗೆ ಒಂದು ಕೊರಗಿತ್ತು. ಬಾವಿ ತೋಡಿಸಿದ್ದಕ್ಕೆ, ಹೆಂಚು ಹೊದಿಸಿದ್ದಕ್ಕೆ ಊರವರು ಶಾಲು ಕೊಡುತ್ತಿದ್ದರು. ಆದರೆ ಕೊಡುವುದೇನಿದ್ದರೂ ಚತುರ್ಥಿಯವರಿಗೆ ಕೊಡಬೇಕಲ್ಲ? ಆ ಮನೆಯ ಚತುರ್ಥಿ ಎಂದರೆ ಗಿರಿಯಮ್ಮನ ತಮ್ಮ ಚಲುವಯ್ಯ. ಭಾವ ಮಾಡಿದ ಘನಕಾರ್ಯಗಳಿಗೆಲ್ಲ ಭಾವಮೈದ ಕೊರಳೊಡ್ಡಿ ಕೂರುತ್ತಿದ್ದ. ಶಾಲು ಅವನಿಗೆ, ಹಾರ ಅವನಿಗೆ, ಹಣ್ಣಿನ ಬುಟ್ಟಿ ಅವನಿಗೆ. ಶಾಲುಗಳು ಹೆಚ್ಚಾಗಿ ಅವನು ಹಸುವಿಗೂ ಒಂದು ಹೊದಿಸಿದ್ದ. ಮುದ್ದುರಂಗಪ್ಪನವರು ಜರಿ ಅಂಚಿನ ಆ ಹಸುವನ್ನು ಕಂಡಾಗಲೆಲ್ಲ ಹಲ್ಲು ಕಚ್ಚುತ್ತಿದ್ದರು.

ಈ ಹೊತ್ತಿಗೆ ಊರಬಾಗಿಲಿಗೆ ಕಲ್ಲಿನ ಕಮಾನು ಎದ್ದಿತು. ಕಟ್ಟಿಸಿದವರು ಯಾರೆಂದು ಹೇಳಬೇಕಾಗಿಲ್ಲ. ಕಮಾನಿನ ಪೂಜೆಯ ಹಿಂದಿನ ದಿನ ಅವರು ನಾಲ್ವರು ಗಟ್ಟಿ ಆಳುಗಳನ್ನು ನನ್ನ ಹಿತ್ತಲಿಗೇ ಕರೆಸಿ ಗುಟ್ಟಾಗಿ ಮಾತಾಡಿದರು.

"ನಾಳೆ ಪೂಜೆ ಆದ್ ತಕ್ಷಣ ನಿಮ್ಗೆ ಸಂತೋಷ ತಡೆಯೋಕಾಗ್ದೆ ನನ್ನನ್ನ ಹೆಗಲ ಮೇಲೆ ಎತ್ಕೊಂಡು ಊರೆಲ್ಲ ಮೆರೆಸ್ಬೇಕು. ನಾನು ಬೇಡ ಬೇಡ ಅಂತೀನಿ. ಬಿಡ್ಬೇಡಿ. ಶಾಲು ಚಲುವಯ್ಯನಿಗೆ ಹೋಗ್ಲಿ, ಮೆರವಣಿಗೆ ನಂದೇ" ಎಂದರು.

"ಸಂತೋಷ ಯಾವಾಗ ತಡೆಯೋಕಾಗ್ಬಾರ್ದು ಬುದ್ಧೀ? ಮಂಗಳಾರತಿಗೆ ಮುಂಚೇನೋ ಆಮೇಲೋ?" ಎಂದು ಅವರಲ್ಲೊಬ್ಬ ಕೇಳಿದ.

"ಆಮೇಲೆ" ಎಂದರು ಮುದ್ದುರಂಗಪ್ಪನವರು.

ಗಿರಿಯಮ್ಮನಿಗೆ ಇದು ಹೇಗೋ ತಿಳಿಯಿತು. ಆಕೆ ಬೆಳಗ್ಗೆ ಪೇಟ ಸುತ್ತಿಕೊಡುತ್ತಾ, "ರೀ, ಬೇಡ ಕಣ್ರೀ. ಮಾಡೋರ ಕಾಲು ನೆಲ ಬಿಡ್ಬಾರ್ದು. ನಮ್ಮೂರಲ್ಲಿ ಹೊರೋದು ದೇವರನ್ನ, ಇಲ್ಲ ಹೆಣಾನ" ಎಂದರು.

"ಅವರಾಗಿ ಹೊರ್ತಾರೇನೇ? ನಾನು ಹೊರಿಸ್ಕೊಳ್ತೀನಿ. ಹೊರಿಸೋನೂ ನಾನೇ. ಅದ್ರಲ್ಲೂ ಪ್ರಥಮೇನೇ. ನಿನ್ಗೆ ಇವೆಲ್ಲ ಎಲ್ಲಿ ತಿಳೀಬೇಕು?" ಎಂದು ಅವರು ಮೀಸೆ ನೀವಿಕೊಂಡರು.

ಮಂಗಳಾರತಿಯಾಯಿತು. ಆಳುಗಳಿಗೆ ಸಂತೋಷ ತಡೆಯಲಾಗಲಿಲ್ಲ. ಮುದ್ದುರಂಗಪ್ಪನವರು ಬೇಡ ಬೇಡವೆಂದು ಕೂಗುತ್ತಾ ಎರಡೂ ತೋಳುಗಳನ್ನು ಅನುಕೂಲವಾಗಿ ಅಗಲಿಸಿಕೊಟ್ಟರು. ಡೋಲು ಬಾರಿಸುತ್ತಾ ಮೂರು ಬೀದಿ ಸುತ್ತಿ, ನನ್ನ ಜಗಲಿಯ ಮುಂದೆ ಅವರನ್ನು ಇಳಿಸಿದಾಗ ಆ ಮುಖದಲ್ಲಿದ್ದ ಆನಂದವನ್ನು ನಾನು ಮರೆಯಲಾರೆ. ಮದುಮಗನ ಮುಖದಲ್ಲೂ ಅಂಥ ಕಳೆಯನ್ನು ನೋಡಿಲ್ಲ.

ಸಂಜೆ ತಿಮ್ಮಣ್ಣ ಕಟ್ಟೆ ಹತ್ತಿ, "ನಾಲ್ವರು ಆಳುಗಳು ಮುದ್ದುರಂಗಪ್ಪನವರನ್ನು ಹೊತ್ತರು" ಎಂದ. ಅಷ್ಟೇ. ಹಿರಿಯರಾದ ಶಿವನಂಜಯ್ಯನವರು ತಲೆದೂಗಿ, "ಹೊತ್ತರು ಅಂದ್ಮೇಲೆ ಹೊತ್ತ ಹಾಗೇ. ಇವತ್ತಿಂದ ಅವ್ರು ದ್ವಿತೀಯೆ" ಎಂದು ಎದ್ದರು. ಮುದ್ದುರಂಗಪ್ಪನವರು ನಾನು ಹೊರಿಸಿಕೊಂಡದ್ದು, ನಾನು ಹೊರಿಸಿಕೊಂಡದ್ದು ಎಂದು ಬಡಕೊಂಡರು. ಆದರೆ ದ್ವಿತೀಯೆಯ ಮಾತನ್ನು ಕಟ್ಟೆ ಕೇಳಿಸಿಕೊಳ್ಳುವುದಿಲ್ಲ. ಬಿಂದಿಗೆ ಮಾತಾಡಿದರೆ ನಾವು ಕೇಳುತ್ತೇವೆಯೇ?

ಮಾರನೆಯ ದಿನದಿಂದ ಅವರ ಬಾಳು ಬೇರೆಯಾಯಿತು. ಅವರು ಏಳುವಂತಿಲ್ಲ, ಎಬ್ಬಿಸಬೇಕು. ಕೂರುವಂತಿಲ್ಲ, ಕೂರಿಸಬೇಕು. ಅದೇ ನಾಲ್ವರು ಆಳುಗಳು ಬೆಳಗ್ಗೆ ಬಂದು ಬಿಸಿಲಿಗೆ ಇಟ್ಟು, ಬಿಸಿಲೇರಿದಾಗ ನೆರಳಿಗೆ ಸರಿಸಿ ಹೋಗುತ್ತಿದ್ದರು. ಗಿರಿಯಮ್ಮ ಮೀಯಿಸಿ, ಉಣಿಸಿ, ಒರೆಸುತ್ತಿದ್ದರು. ಇದರಲ್ಲಿ ಹೊಸದೇನಿತ್ತೆಂದು ನೀವು ಕೇಳಬಹುದು. ಮೊದಲೂ ಎಲ್ಲವನ್ನೂ ಆಕೆಯೇ ಮಾಡುತ್ತಿದ್ದದ್ದು ನಿಜ. ಆದರೆ ಆಗ ಅವರು ಮಾಡಿಸಿಕೊಳ್ಳುತ್ತಿದ್ದರು, ಈಗ ಅವರನ್ನು ಇನ್ನೊಬ್ಬರು ಮೀಯಿಸಬೇಕಾಗಿತ್ತು, ಉಣಿಸಬೇಕಾಗಿತ್ತು. ಈ ಎರಡಕ್ಕೂ ಎಷ್ಟು ದೂರ ಎನ್ನುವುದು ಅನುಭವಿಸಿದವರಿಗೇ ಗೊತ್ತು.

ವಸ್ತುವಾದ ಮೇಲೆ ಎರವಲು ಕೇಳುವವರೂ ಬಂದರು. ಮೂಲೆಮನೆಯ ಮುದುಕಿ, "ಗಿರಿಯಮ್ಮಾ, ನಿಮ್ಮನೆ ಯಜಮಾನ್ರನ್ನ ಒಂದೊತ್ತು ಕೊಡ್ತೀಯಾ? ಹಪ್ಪಳ ಒಣಾಕಿದೀನಿ, ಕಾಗೆ ಕಾಟ" ಎಂದು ಕೇಳಿ ಒಯ್ದಳು. ಪೇಟ ಸುತ್ತಿದ್ದರಿಂದ ಕಾಗೆಗಳು ಸ್ವಲ್ಪ ಹೆದರಿದವಂತೆ. ಸಂಜೆ ಹಿಂದಕ್ಕೆ ತಂದುಕೊಟ್ಟಾಗ ತೊಡೆಯ ಮೇಲೆ ನಾಲ್ಕು ಹಪ್ಪಳಗಳಿದ್ದವು. ಬರಿಗೈಯಲ್ಲಿ ಎರವಲು ಹಿಂದಿರುಗಿಸಬಾರದಲ್ಲ.

ಅದನ್ನೂ ಅವರು ಸಹಿಸಿದರು. ಅವರ ಎದೆ ಒಡೆದದ್ದು ಇನ್ನೊಂದಕ್ಕೆ. ನಾವು ಮನುಷ್ಯರನ್ನು ಎತ್ತಿದಾಗ 'ಅವರನ್ನು ಎತ್ತಿದೆವು' ಎನ್ನುತ್ತೇವೆ, ಮೂಟೆಯಾದರೆ 'ಮೂಟೆ ಎತ್ತಿದೆವು' ಎಂದರೂ ಸಾಕು. ಮೊದಮೊದಲು ತಿಮ್ಮಣ್ಣ ಮರ್ಯಾದೆಯಿಂದ 'ಮುದ್ದುರಂಗಪ್ಪನವರನ್ನು ನೆರಳಿಗೆ ಇಟ್ಟರು' ಎನ್ನುತ್ತಿದ್ದ. ಆಮೇಲೆ 'ಮುದ್ದುರಂಗಪ್ಪನನ್ನು' ಆಯಿತು. ಒಂದು ಸಂಜೆ, ಅವಸರದಲ್ಲಿದ್ದನೋ ಏನೋ, 'ಆಳುಗಳು ಸೌದೆ ಒಡೆದರು, ಹುಲ್ಲು ಒಟ್ಟಿದರು, ಮುದ್ದುರಂಗಪ್ಪ ಒಳಗಿಟ್ಟರು' ಎಂದುಬಿಟ್ಟ. ಜನ ನಗಲಿಲ್ಲ. ನಗದೆ ಒಪ್ಪಿಕೊಂಡದ್ದೇ ಘೋರ. ನನ್ನ ಜಗಲಿಯ ಮೂಲೆಯಲ್ಲಿ ಇಡಲ್ಪಟ್ಟಿದ್ದ ಅವರ ಕಣ್ಣಿನಿಂದ ನೀರು ಇಳಿಯಿತು. ನಾನು ಒರೆಸಿದೆ. ನನಗೆ ಆ ಮನುಷ್ಯನ ಮೇಲೆ ಎಂದೂ ಪ್ರೀತಿ ಇರಲಿಲ್ಲ, ಆದರೂ ಅವತ್ತು ಆ ಮುಖ ಜನರಿಗೆ ಕಾಣದಂತೆ ಅಡ್ಡ ನಿಂತೆ.

ಇಷ್ಟರಲ್ಲಿ ಅವರ ಒಬ್ಬಳೇ ಮಗಳು ಹೇಮಾವತಿಯ ಮದುವೆಗೆ ಕುತ್ತು ಬಂತು. ಹುಡುಗ ಒಳ್ಳೆಯವನು. ಹೇಮಾವತಿ ಅವನನ್ನು ಕಂಡು ಮೆಚ್ಚಿದ್ದಳು, ಲಗ್ನವೂ ಗೊತ್ತಾಗಿತ್ತು. ಆದರೆ ಧಾರೆ ಎರೆದು ಕೊಡುವವರು ಪ್ರಥಮೆಯವರೇ ಆಗಬೇಕು, ಅದೂ ಆ ಮನೆಯವರೇ ಆಗಬೇಕು. ಗಿರಿಯಮ್ಮನಿಂದ ಎಲ್ಲವೂ ಆಗಬಹುದು, ಆದರೆ ಮಾಡುವವರೊಬ್ಬರು ಮುಂದೆ ಇರದೆ 'ಗಿರಿಯಮ್ಮನಿಂದ' ಎಂದಷ್ಟೇ ತಿಮ್ಮಣ್ಣ ಹೇಳಲಾರ. ಹೇಳದ ಮದುವೆ ಆಗದ ಮದುವೆ. ಗಂಡಿನ ತಂದೆ ಬಂದು, "ಬೇಜಾರ್ ಮಾಡ್ಕೋಬೇಡಿ ತಾಯಿ, ಕರ್ತನಿಲ್ಲದ ಮನೆ ಹೆಣ್ಣು ತಂದ್ರೆ ನಾಳೆ ಮಕ್ಳಿಗೆ ಯಾವ ವಿಭಕ್ತಿ ಇಡ್ತಾರೆ? ಲಗ್ನದೊಳಗೆ ಏನಾದ್ರೂ ದಾರಿ ನೋಡಿ. ಇಲ್ದಿದ್ರೆ ನಾವು ಬೇರೆ ಕಡೆ ನೋಡ್ತೀವಿ" ಎಂದು ಹೇಳಿ ಕಾಫಿಯನ್ನೂ ಮುಟ್ಟದೆ ಹೋದರು. ಹೇಮಾವತಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಗಿರಿಯಮ್ಮ ಶಿವನಂಜಯ್ಯನವರ ಮುಂದೆ ಸೆರಗೊಡ್ಡಿದರು. ಅವರು ಗಡ್ಡ ತುರಿಸಿಕೊಂಡು, "ದಾರಿ ಒಂದೇ ತಾಯಿ. ನಿನ್ನ ಯಜಮಾನ್ರು ಯಾರಿಂದಲೂ ಮಾಡಿಸ್ದೆ ತಾವೇ ಖುದ್ದಾಗಿ ಮಾಡಿದ್ದು ಒಂದಾದ್ರೂ ಇರ್ಬೇಕು. ಅದನ್ನ ಕಂಡೋರು ಕಟ್ಟೇಲಿ ಹೇಳ್ಬೇಕು. ಸಿಕ್ಕಿದ್ರೆ ಅವ್ರನ್ನ ಮತ್ತೆ ಪ್ರಥಮೆಗೆ ತಗೋತೀವಿ" ಎಂದರು.

"ಒಂದಾ? ನೂರು ಸಿಗ್ತವೆ!" ಎಂದರು ಮುದ್ದುರಂಗಪ್ಪನವರು, ಕೇಳಿದಾಗ. ಅವರನ್ನು ಆ ದಿನ ನನ್ನ ಹಿತ್ತಲಿನ ಕಲ್ಲಿನ ಮೇಲೆ ಇಟ್ಟಿದ್ದರು. ಪಕ್ಕದಲ್ಲಿ ಗಿರಿಯಮ್ಮ ಅವರೆಕಾಯಿ ಬಿಡಿಸುತ್ತಿದ್ದರು. "ಬಾವಿ?" ಎಂದು ಆಕೆಯನ್ನು ಕೇಳಿದರು.

"ತೋಡಿದ್ದು ಒಡ್ಡರೋರು."

"ಶಾಲೆ ಹೆಂಚು?"

"ನೀವು ಕೆಳಗೆ ಕುರ್ಚಿ ಹಾಕ್ಕೊಂಡು ಕೂತಿದ್ರಿ. ಕುರ್ಚಿ ಹಾಕ್ದೋಳು ನಾನು."

"ಕಮಾನು ಬಿಡು. ಮದ್ವೆ? ನಿನ್ನನ್ನ ಮದ್ವೆ ಆದೋನು ನಾನೇ ತಾನೇ?"

"ನಮ್ಮಪ್ಪ ಕೊಟ್ರು, ನಿಮ್ಮಪ್ಪ ತಂದ್ರು. ತಾಳಿ ಗಂಟು ನಿಮ್ಗೆ ಬರ್ದೆ ನಿಮ್ಮಕ್ಕ ಹಾಕಿದ್ರು."

"ಊಟ ಮಾಡಿದೀನಲ್ಲೇ ಇಷ್ಟು ವರ್ಷ!"

"ಬಡಿಸ್ದೆ ಒಂದಿನ ಉಂಡಿದೀರಾ?"

"ನಿದ್ದೆ? ನಿದ್ದೆಯಂತೂ ನಾನೇ ಮಾಡಿದ್ದು."

"ನಿದ್ದೆ ಯಾರನ್ನ ಮುಟ್ತದೆ? ಮಾಡಿದ್ದು ಅಂದ್ಮೇಲೆ ಯಾರಿಗಾದ್ರೂ ತಾಕ್ಬೇಕಲ್ಲ, ಏನಾದ್ರೂ ಆಚೆ ಈಚೆ ಆಗ್ಬೇಕಲ್ಲ" ಎಂದು ಗಿರಿಯಮ್ಮ ಸಿಪ್ಪೆಯನ್ನು ಒಟ್ಟುಮಾಡಿದರು.

ಜೀವಮಾನದಲ್ಲಿ ಮೊದಲ ಸಲ ಮುದ್ದುರಂಗಪ್ಪನವರು ತಮ್ಮ ಎರಡು ಕೈಗಳನ್ನು ನೋಡಿಕೊಂಡದ್ದನ್ನು ನಾನು ಕಂಡೆ. ಬೆಳ್ಳಗಿನ, ಮೆತ್ತನೆಯ, ಒಂದು ಗೀಟೂ ಇಲ್ಲದ ಕೈಗಳು. ಅವುಗಳಿಂದ ಏನೂ ಆಗಿಲ್ಲವೆಂಬುದು ಅವರ ಮನಸ್ಸಿಗೆ ಆಗ ನಾಟಿರಬೇಕು. ಮುಖ ಸಣ್ಣದಾಯಿತು.

"ಗಿರಿಯಾ" ಎಂದರು ಮೆಲ್ಲಗೆ. "ಯೋಚ್ನೆ ಮಾಡೇ. ನಮ್ಮ ಹೇಮಂಗೋಸ್ಕರ. ಒಂದೂ ಇಲ್ವಾ?"

ಗಿರಿಯಮ್ಮ ಬಿಡಿಸಿದ ಅವರೆಯನ್ನು ಮೊರದಲ್ಲಿ ಹರಡಿದರು. ಕಾಳುಗಳ ಮೇಲೆ ಕೈಯಾಡಿಸುತ್ತಲೇ ಇದ್ದರು. ಆಮೇಲೆ, "ಒಂದಿದೆ" ಎಂದರು.

"ಇದೆಯಾ! ಏನದು?"

"ನಾಳೆ ಕಟ್ಟೇಲೇ ಹೇಳ್ತೀನಿ. ಇಲ್ಲಿ ಹೇಳಿದ್ರೆ ನೀವು ಬೇಡ ಅಂತೀರ."

ಮುದ್ದುರಂಗಪ್ಪನವರಿಗೆ ಹೋದ ಜೀವ ಬಂದಂತಾಯಿತು. ಗಿರಿಯಮ್ಮ ಒಳಗೆ ಹೋದ ಮೇಲೆ ನನ್ನೊಡನೆ ಊಹಿಸಿದ್ದೇ ಊಹಿಸಿದ್ದು. ಬಾವಿಗೆ ಬಿದ್ದ ಕರುವನ್ನು ತಾವು ಎತ್ತಿರಬಹುದೇ? ಹಾವು ಬಂದಾಗ ದೊಣ್ಣೆ ಬೀಸಿರಬಹುದೇ? "ಒಳ್ಳೇದು ಮಾಡ್ದೋರಿಗೆ ಮರ್ತುಹೋಗ್ತದೆ ನೋಡಿ" ಎಂದು ನನಗೇ ಬುದ್ಧಿ ಹೇಳಿದರು. "ಬೇಡ ಅಂತೀನಂತೆ! ನನ್ನ ಸಂಕೋಚ ಅವಳಿಗೆ ಗೊತ್ತು."

ಮಾರನೆಯ ಸಂಜೆ ಕಟ್ಟೆಯ ಮುಂದೆ ಊರಿಗೆ ಊರೇ ಸೇರಿತು. ಆಳುಗಳು ಮುದ್ದುರಂಗಪ್ಪನವರನ್ನು ತಂದು ಕಟ್ಟೆಯ ಕೆಳಗೆ ಇಟ್ಟರು. ಗಂಡಿನ ತಂದೆ ಬಂದಿದ್ದರು. ಹೇಮಾವತಿ ಅಮ್ಮನ ಹಿಂದೆ ನಿಂತಿದ್ದಳು. ಚಲುವಯ್ಯ ಯಾವುದಕ್ಕೂ ಇರಲಿ ಎಂದು ಕೊರಳು ಖಾಲಿ ಮಾಡಿಕೊಂಡು ಬಂದಿದ್ದ.

"ಹೇಳು ತಾಯಿ" ಎಂದರು ಶಿವನಂಜಯ್ಯನವರು.

ಗಿರಿಯಮ್ಮ ಯಾರ ಮುಖವನ್ನೂ ನೋಡದೆ ಹೇಳಿದರು. "ಹೇಮ ಆಗ ತೊಟ್ಲಲ್ಲಿದ್ಲು. ಬಾವೀಲಿ ನೀರು ಬಂದ ದಿನ. ತಿಮ್ಮಣ್ಣ ಇಲ್ಲೇ ನಿಂತ್ಕೊಂಡು, ಮುದ್ದುರಂಗಪ್ಪನವರು ಬಾವಿ ತೋಡಿಸಿದರು ಅಂದ. ನಾನು ಇವ್ರ ಪಂಚೆ ನೋಡ್ದೆ. ಅವತ್ತು ತಾನೆ ನಾನೇ ಒಗ್ದಿದ್ದ ಪಂಚೆ, ಬೆಳ್ಳಗಿತ್ತು. ನಂಗೆ ನಗು ಬಂತು. ಜೋರಾಗೇನಲ್ಲ. ಮನೇಗೆ ಹೋದ್ಮೇಲೆ ಇವ್ರು ನನ್ನನ್ನ ಹೊಡೆದ್ರು. ಎಡಗೆನ್ನೆಗೆ. ಕಿವಿ ಮೂರು ದಿನ ಕೇಳಿಸ್ಲಿಲ್ಲ."

ಕೆಳಗಿದ್ದ ಮುದ್ದುರಂಗಪ್ಪನವರ ಬಾಯಿ ತೆರೆದದ್ದು ಹಾಗೇ ಇತ್ತು. ನೆನಪಾಯಿತೆಂದು ಅವರ ಮುಖವೇ ಹೇಳುತ್ತಿತ್ತು.

ಹಿರಿಯರು ತಲೆ ತಲೆ ಸೇರಿಸಿದರು. "ಹೊಡೆಯೋಕೆ ಬೇರೆಯವ್ರಿಗೆ ಹೇಳಿದ್ರಾ?" ಎಂದು ಶಿವನಂಜಯ್ಯನವರು ಕೇಳಿದರು.

"ಇಲ್ಲ."

"ಕೋಲು, ಸೌಟು, ಏನಾದ್ರೂ?"

"ಬರಿಗೈ."

"ಯಾರಾದ್ರೂ ಕೈ ಹಿಡ್ಕೊಟ್ರಾ, ಎದ್ದು ನಿಲ್ಲಿಸಿದ್ರಾ?"

"ಅವ್ರೇ ಎದ್ರು. ಊಟ ಅರ್ಧಕ್ಕೆ ಬಿಟ್ಟು ಎದ್ರು."

"ತಾಕ್ತಾ?"

ಗಿರಿಯಮ್ಮ ಸೆರಗನ್ನು ಕಿವಿಯ ಮೇಲೆ ಎಳೆದುಕೊಂಡರು.

ಶಿವನಂಜಯ್ಯನವರ ಮುಖ ಅರಳಿತು. "ಆಹಾ! ಮಾಡ್ದೋರಿದಾರೆ, ಮಾಡಿದ್ದಿದೆ, ತಾಕಿಸ್ಕೊಂಡೋಳಿದಾಳೆ, ನಡುವೆ ಇನ್ನೊಬ್ರ ಕೈ ಇಲ್ಲ. ಇಷ್ಟು ವರ್ಷದಲ್ಲಿ ಇಂಥ ತುಂಬಿದ ವಾಕ್ಯಾನ ನಾನು ಕೇಳಿಲ್ಲ. ಅಚ್ಚ ಪ್ರಥಮೆ!" ಉಳಿದ ಹಿರಿಯರು ಹೌದು ಹೌದೆಂದರು. ಗಂಡಿನ ತಂದೆ ನಿಟ್ಟುಸಿರು ಬಿಟ್ಟು, "ಹಂಗಾದ್ರೆ ಲಗ್ನಕ್ಕೇನೂ ಅಡ್ಡಿಯಿಲ್ಲ ಬಿಡಿ" ಎಂದರು. ಯಾರೋ ಚಪ್ಪಾಳೆ ತಟ್ಟಿದರು, ಆಮೇಲೆ ಎಲ್ಲರೂ ತಟ್ಟಿದರು. ನಾನೂ ತಟ್ಟಿದೆ, ನಮ್ಮ ಊರಿನಲ್ಲಿ ಒಬ್ಬರು ತಟ್ಟಿದರೆ ತಟ್ಟಬೇಕು. ಹೇಮಾವತಿ ಮಾತ್ರ ಅಪ್ಪನನ್ನೇ ನೋಡುತ್ತಿದ್ದಳು, ಯಾರೋ ಹೊಸಬರನ್ನು ನೋಡುವಂತೆ.

"ಬೇಡ!" ಎಂದು ಮುದ್ದುರಂಗಪ್ಪನವರು ಕೂಗಿದರು. "ಅದು ಬೇಡ! ಆ ವಾಕ್ಯ ವಾಪಸ್ ತಗೊಳ್ಳಿ. ನಾನು ಹಿಂಗೇ ಇರ್ತೀನಿ. ಕಾಗೆ ಕಾಯ್ಕೊಂಡಿರ್ತೀನಿ!" ಆದರೆ ಅವರು ಆ ಗಳಿಗೆಯವರೆಗೆ ದ್ವಿತೀಯೆಯೇ ಆಗಿದ್ದರಿಂದ ಯಾರೂ ಕೇಳಿಸಿಕೊಳ್ಳುವಂತಿರಲಿಲ್ಲ. ತಿಮ್ಮಣ್ಣ ಗಂಟಲು ಸರಿಮಾಡಿಕೊಂಡು, "ಮುದ್ದುರಂಗಪ್ಪನವರು ಗಿರಿಯಮ್ಮನನ್ನು ಹೊಡೆದರು" ಎಂದು ಹಬ್ಬದ ದಿನ ಹೇಳುವ ರಾಗದಲ್ಲಿ ಹೇಳಿದ. ಅದು ಆಯಿತು. ಅವರನ್ನು ಪ್ರಥಮೆಗೆ ತೆಗೆದುಕೊಂಡದ್ದೂ ಆಯಿತು.

ಅವರು ತಾವಾಗಿ ಎದ್ದರು. ಬಹಳ ದಿನಗಳಿಂದ ಮೆಟ್ಟಿರದ ನೆಲದ ಮೇಲೆ ಒಂದೊಂದೇ ಹೆಜ್ಜೆ ಇಟ್ಟರು. ಜನ ಮತ್ತೆ ಚಪ್ಪಾಳೆ ತಟ್ಟುತ್ತಾ ದಾರಿ ಬಿಟ್ಟರು. ಗಿರಿಯಮ್ಮನ ಎದುರಿಗೆ ಬಂದು ನಿಂತರು. ಆಗ ಅವರು ಬಲಗೈ ಎತ್ತಿದರು. ಆಕೆಯ ಕೆನ್ನೆ ಸವರಲೆಂದು ಎತ್ತಿದರೆಂದು ನಾನು ಆಣೆ ಮಾಡಿ ಹೇಳಬಲ್ಲೆ, ನನ್ನ ಎದುರಿನಲ್ಲೇ ನಡೆದದ್ದು. ಆದರೆ ಆ ಕೈ ಮೇಲೇಳುತ್ತಿದ್ದಂತೆ ಗಿರಿಯಮ್ಮ ಕಣ್ಣು ಮುಚ್ಚಿ, ತಲೆ ತಗ್ಗಿಸಿ, ತಮ್ಮ ಎರಡೂ ಕೈಗಳನ್ನು ಎಡಗೆನ್ನೆಗೆ ಅಡ್ಡ ಹಿಡಿದರು.

ಚಪ್ಪಾಳೆ ನಿಂತಿತು. ಮುದ್ದುರಂಗಪ್ಪನವರ ಕೈ ಗಾಳಿಯಲ್ಲೇ ಉಳಿಯಿತು. ಮುಂದಕ್ಕೆ ಚಾಚಲು ಅವರಿಗೆ ಧೈರ್ಯವಿರಲಿಲ್ಲ, ಹಿಂದಕ್ಕೆ ಎಳೆದುಕೊಳ್ಳುವುದು ಹೇಗೆಂದು ತಿಳಿಯಲಿಲ್ಲ. ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ಕೈಗೆ ಯಾವ ವಾಕ್ಯ ಹೇಳಬೇಕೆಂಬುದು ಅವರಿಗೂ ಗೊತ್ತಿರಲಿಲ್ಲ.

ಗಿರಿಯಮ್ಮ ಕಣ್ಣು ಬಿಟ್ಟರು. ಗಂಡನ ಮುಖವನ್ನೊಮ್ಮೆ, ಎತ್ತಿದ ಕೈಯನ್ನೊಮ್ಮೆ ನೋಡಿದರು. "ಸಾಕು ನಡೀರಿ, ಮದ್ವೆ ಕೆಲ್ಸ ಬೆಟ್ಟದಷ್ಟಿದೆ" ಎಂದು ಮುಂದೆ ಬಂದು ಆ ಕೈಯನ್ನು ಹಿಡಿದುಕೊಂಡರು. ಕೊನೆಗೆ ಅದನ್ನೂ ಆಕೆಯೇ ಇಳಿಸಬೇಕಾಯಿತು.